ಮೂಲೆ ಸೇರಿದ ಪ್ರೋಗ್ರೆಸಿವ್ ರಾಕ್ ಆಲ್ಬಮ್‌ಗಳು: 40ರಲ್ಲಿ 23 ಮುಗಿದವು

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ 40 ಆಲ್ಬಮ್ ಇತ್ತು. ಕೇಳಿ ಮುಗಿಸಿದ್ದು 23. ಅರ್ಧಕ್ಕೆ ನಿಂತದ್ದು 2. ನಾನೇ ಹೊಡೆದು ಹಾಕಿದ್ದು 4. ಇನ್ನೂ ಮುಟ್ಟದೇ ಇರುವುದು 11. ವಾರಕ್ಕೊಂದು ಅಂತ ಶುರು ಮಾಡಿದ್ದು, ಈಗ 31ನೇ ವಾರ ನಡೆಯುತ್ತಿದೆ. ಎಷ್ಟು ಹಿಂದೆ ಬಿದ್ದಿದ್ದೇನೆ ಅಂತ ನೀವೇ ನೋಡಿ.

ಕೆಲಸ ಏನಂದರೆ, ಪ್ರೋಗ್ರೆಸಿವ್ ರಾಕ್ (ಉದ್ದುದ್ದ ತುಣುಕು, ಜಟಿಲ ತಾಳಗಳ ರಾಕ್ ಸಂಗೀತ) ಅಂದ ಕೂಡಲೇ ಎಲ್ಲರೂ ಅದೇ ಐದಾರು ಹೆಸರು ಹೇಳುತ್ತಾರೆ. ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್, ಜೆಥ್ರೋ ಟಲ್, ಅಲ್ಲಿಗೆ ಮುಗಿಯಿತು. ನಾನೂ ಹತ್ತು ವರ್ಷ ಅಷ್ಟರಲ್ಲೇ ಸುತ್ತುತ್ತಿದ್ದೆ. ಅವರ ಪಕ್ಕದಲ್ಲೇ ನಿಂತಿದ್ದವರು, ಅದೇ ಕಾಲದಲ್ಲಿ ಅಷ್ಟೇ ಚೆನ್ನಾಗಿ, ಕೆಲವು ಸಲ ಇನ್ನೂ ಚೆನ್ನಾಗಿ ಬಾರಿಸಿದವರು ಎಲ್ಲಿ ಹೋದರು ಅಂತ ಹುಡುಕುವುದು ಈ ಯೋಜನೆ.

ನಿಯಮ ಇಷ್ಟೇ. ಒಂದು ಆಲ್ಬಮ್ ಮೂರು ಸಲ ಕೇಳಬೇಕು. ಮೊದಲನೇ ಸಲ ಏನೋ ಕೆಲಸ ಮಾಡುತ್ತಾ, ಎರಡನೇ ಸಲ ಸುಮ್ನೆ ಕೂತು, ಮೂರನೇ ಸಲ ಹೆಡ್‌ಫೋನ್ ಹಾಕಿಕೊಂಡು, ಸಾಹಿತ್ಯ ಎದುರಿಗಿಟ್ಟುಕೊಂಡು. ಮೂರನೆಯದು ಮುಗಿಯುವ ತನಕ ನೋಟ್‌ಬುಕ್ ಮುಟ್ಟುವ ಹಾಗಿಲ್ಲ. ಕೊನೆಗೆ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು: ಇದು ಯಾಕೆ ಮೂಲೆ ಸೇರಿತು?

ವಾರ 2 ಮತ್ತು 3

ಜೆಂಟಲ್ ಜೈಂಟ್, ‘ಇನ್ ಎ ಗ್ಲಾಸ್ ಹೌಸ್’, 1973. ಇದಕ್ಕೆ ಎರಡು ವಾರ ಹಿಡಿಯಿತು, ಅದರ ಬಗ್ಗೆ ನನಗೆ ಬೇಸರವಿಲ್ಲ.

ಆಲ್ಬಮ್ ಶುರುವಾಗುವುದು ಗಾಜು ಒಡೆಯುವ ಸದ್ದಿನಿಂದ. ಒಂದು ಸಲ ಒಡೆದು ಸುಮ್ಮನಾಗುವುದಿಲ್ಲ, ಒಡೆಯುತ್ತಲೇ ಇರುತ್ತದೆ, ಅದೇ ಸದ್ದು ಸುತ್ತಿ ಸುತ್ತಿ ಬಂದು ತಾಳವಾಗಿಬಿಡುತ್ತದೆ, ಅದರ ಮೇಲೆ ಬ್ಯಾಂಡ್ ಹತ್ತಿ ಕೂರುತ್ತದೆ. ಈ ಉಪಾಯ ಎಲ್ಲೋ ಕೇಳಿದ ಹಾಗಿದೆಯಲ್ಲಾ ಅನ್ನಿಸಿತು. ಹೌದು, ಅದೇ ವರ್ಷ ಪಿಂಕ್ ಫ್ಲಾಯ್ಡ್ ‘ಮನಿ’ ಹಾಡಿನಲ್ಲಿ ಚಿಲ್ಲರೆ ಕಾಸು ಮತ್ತು ಗಲ್ಲಾಪೆಟ್ಟಿಗೆಯ ಸದ್ದನ್ನು 7 ಎಣಿಕೆಗೆ ಕೂರಿಸಿದ್ದರು. (ಮಿಶ್ರ ಛಾಪು ಹಾಕಿ ನೋಡಿ, ಸರಿಯಾಗಿ ಕೂರುತ್ತದೆ.) ಆ ಹಾಡಿದ್ದ ಆಲ್ಬಮ್ ಕೋಟಿಗಟ್ಟಲೆ ಮಾರಾಟವಾಯಿತು. ಗಾಜಿನ ಆಲ್ಬಮನ್ನು ಬ್ಯಾಂಡಿನ ಅಮೆರಿಕದ ಕಂಪನಿ ಬಿಡುಗಡೆಯನ್ನೇ ಮಾಡಲಿಲ್ಲ. ಅಲ್ಲಿನವರು ಹೊರಗಿನಿಂದ ತರಿಸಿಕೊಂಡು ಕೇಳಬೇಕಾಯಿತು.

ಇನ್ನೊಂದು ವಿಷಯ ಅಂದರೆ, ಬ್ಯಾಂಡಿನಲ್ಲಿದ್ದ ಮೂವರು ಶುಲ್ಮನ್ ಅಣ್ಣತಮ್ಮಂದಿರಲ್ಲಿ ಹಿರಿಯ ಫಿಲ್ ಈ ಆಲ್ಬಮ್‌ಗೆ ಮುಂಚೆಯೇ ಬ್ಯಾಂಡ್ ಬಿಟ್ಟಿದ್ದರು. ಹಾಡು, ಸ್ಯಾಕ್ಸೊಫೋನ್ ಎರಡೂ ನೋಡಿಕೊಳ್ಳುತ್ತಿದ್ದವರು ಹೋದ ಮೇಲೆ ಉಳಿದ ಐದು ಜನ ಗಾಬರಿಯಾಗಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಕೇಳಿದರೆ ಗಾಬರಿಯ ಸುಳಿವೇ ಇಲ್ಲ. ‘ಆ್ಯನ್ ಇನ್‌ಮೇಟ್ಸ್ ಲಲಬೈ’ ಅಂತ ಒಂದು ಹಾಡಿದೆ, ಹುಚ್ಚಾಸ್ಪತ್ರೆಯಲ್ಲಿರುವವನು ಹೇಳಿಕೊಳ್ಳುವ ಮಾತು. ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ದನಿ ಬಿಟ್ಟರೆ ಬರೀ ಬಡಿದು ನುಡಿಸುವ ವಾದ್ಯಗಳು. ಮೊದಲನೇ ಸಲ ಕೇಳಿದಾಗ ಮಕ್ಕಳ ಆಟಿಕೆ ಅಂದುಕೊಂಡೆ. ಮೂರನೇ ಸಲ ಹೆಡ್‌ಫೋನ್‌ನಲ್ಲಿ ಕೇಳಿದಾಗ ಬೆನ್ನು ಸ್ವಲ್ಪ ತಣ್ಣಗಾಯಿತು. ನಿಯಮ ಮೂರು ಸಲ ಅಂತ ಇಟ್ಟದ್ದು ಒಳ್ಳೆಯದೇ ಆಯಿತು.

ನೋಟ್‌ಬುಕ್‌ನಲ್ಲಿ ಬರೆದದ್ದು: ಕಂಪನಿ ಕೈಬಿಟ್ಟಿತು.

ವಾರ 6, ಡಾರ್ವಿನ್ ತಲೆಕೆಳಗಾದ ವಾರ

ಇದು ಪೂರ್ತಿ ನನ್ನದೇ ತಪ್ಪು. ಇಟಲಿಯ ಬ್ಯಾಂಕೊ ದೆಲ್ ಮುತುವೊ ಸೊಕ್ಕೋರ್ಸೊ 1972ರಲ್ಲಿ ಮಾಡಿದ ‘ಡಾರ್ವಿನ್!’. ವಿಕಾಸವಾದದ ಮೇಲೆ ಒಂದಿಡೀ ಆಲ್ಬಮ್. ಭೂಮಿಯಲ್ಲಿ ಜೀವ ಹುಟ್ಟುವುದರಿಂದ ಶುರುವಾಗಿ, ಪ್ರಾಣಿ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುವುದು, ದೈತ್ಯ ಹಲ್ಲಿಗಳ ಕುಣಿತ, ಹೀಗೆ ಸಾಗುತ್ತದೆ. ಅಣ್ಣತಮ್ಮಂದಿರು ಇಬ್ಬರು, ಇಬ್ಬರೂ ಕೀಬೋರ್ಡ್. ಒಬ್ಬ ಪಿಯಾನೊದಲ್ಲಿದ್ದರೆ ಇನ್ನೊಬ್ಬ ಆರ್ಗನ್‌ನಲ್ಲಿ.

ನಾನು ಫೈಲುಗಳನ್ನು ಫೋಲ್ಡರ್‌ಗೆ ಹಾಕಿಕೊಂಡಾಗ ಟ್ರ್ಯಾಕ್ ನಂಬರ್ ಅಳಿಸಿ ಹೋಗಿತ್ತು. ಪ್ಲೇಯರ್ ಅಕ್ಷರಗಳ ಕ್ರಮದಲ್ಲಿ ಬಾರಿಸಿತು. ‘ಏಳೂವರೆ ಲಕ್ಷ ವರ್ಷಗಳ ಹಿಂದೆ... ಪ್ರೀತಿಯೇ?’ ಅನ್ನುವ ಹಾಡಿನ ಹೆಸರು ಅಂಕಿಯಿಂದ ಶುರುವಾಗುವುದರಿಂದ ಅದೇ ಮೊದಲು ಬಂತು. ಹಾಗಾಗಿ ನನ್ನ ಮನೆಯಲ್ಲಿ ಪ್ರೀತಿ ಮೊದಲು ಹುಟ್ಟಿತು, ಆಮೇಲೆ ಹಲ್ಲಿಗಳು ಕುಣಿದವು, ಅದಾದ ಮೇಲೆ ಜೀವವಿಕಾಸ ಶುರುವಾಯಿತು. ಎರಡು ಸಲ ಹೀಗೆ ಕೇಳಿ, ‘ಕಲ್ಪನೆ ಎಷ್ಟು ಧೈರ್ಯದ್ದು, ಕಾಲವನ್ನೇ ಹಿಂದಕ್ಕೆ ತಿರುಗಿಸಿದ್ದಾರೆ’ ಅಂತ ಒಬ್ಬ ಗೆಳೆಯನಿಗೆ ಉದ್ದುದ್ದ ಹೇಳಿದ್ದೂ ಆಯಿತು. ಮೂರನೇ ಸಲ ಸಾಹಿತ್ಯದ ಅನುವಾದ ಎದುರಿಗಿಟ್ಟುಕೊಂಡಾಗ ಗೊತ್ತಾಯಿತು. ಗೆಳೆಯ ಇನ್ನೂ ನಗುತ್ತಿದ್ದಾನೆ.

ಸರಿಯಾದ ಕ್ರಮದಲ್ಲಿ ಮತ್ತೆ ಮೂರು ಸಲ ಕೇಳಿದೆ. ಆ ಪ್ರೀತಿಯ ಹಾಡು ಇರಬೇಕಾದ ಜಾಗದಲ್ಲಿ, ಅಂದರೆ ಹಲ್ಲಿಗಳ ಗದ್ದಲ ಎಲ್ಲಾ ಮುಗಿದ ಮೇಲೆ, ಬಂದಾಗ ಅದರ ತೂಕವೇ ಬೇರೆ. ಇನ್ನೂ ಪೂರ್ತಿ ಮನುಷ್ಯನಾಗದ ಒಬ್ಬ, ನದಿಗೆ ನೀರು ಕುಡಿಯಲು ಬಂದ ಹೆಣ್ಣನ್ನು ನೋಡುತ್ತಾನೆ. ಹೇಳಿಕೊಳ್ಳೋಣ ಅಂದರೆ ಅವನ ಹತ್ತಿರ ಮಾತಿಲ್ಲ. ಫ್ರಾನ್ಸೆಸ್ಕೊ ದಿ ಜಾಕೊಮೊ ಹಾಡಿದ್ದು ಕೇಳಬೇಕು. ಭಾಷೆ ಬೇಡ.

ನೋಟ್‌ಬುಕ್: ಭಾಷೆ. ಇಂಗ್ಲಿಷ್ ಅಲ್ಲ ಅನ್ನುವುದೊಂದೇ ಕಾರಣ.

ವಾರ 8

ಸ್ಪ್ರಿಂಗ್, ಆಲ್ಬಮ್ ಹೆಸರೂ ಅದೇ, 1971. ಇಂಗ್ಲೆಂಡಿನ ಲೆಸ್ಟರ್‌ನವರು. ಐವರಲ್ಲಿ ಮೂವರು ಮೆಲೋಟ್ರಾನ್ ನುಡಿಸುತ್ತಾರೆ!

ಮೆಲೋಟ್ರಾನ್ ಗೊತ್ತಿಲ್ಲದಿದ್ದರೆ: ನೋಡಲು ಪುಟ್ಟ ಆರ್ಗನ್, ಒಳಗೆ ಪ್ರತಿ ಕೀಗೂ ಒಂದೊಂದು ಟೇಪಿನ ಪಟ್ಟಿ. ಟೇಪಿನಲ್ಲಿ ಪಿಟೀಲೋ ಕೊಳಲೋ ಕೋರಸ್ಸೋ ಮೊದಲೇ ಮುದ್ರಿಸಿರುತ್ತಾರೆ. ಕೀ ಒತ್ತಿದರೆ ಟೇಪ್ ಓಡುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿದೂ ಹೋಗುತ್ತದೆ, ಬೆರಳು ತೆಗೆದರೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದು ಸ್ವರವನ್ನು ಜಾಸ್ತಿ ಹೊತ್ತು ಹಿಡಿಯುವ ಹಾಗೇ ಇಲ್ಲ. ಟೇಪ್ ಸ್ವಲ್ಪ ಅಲುಗಿದರೂ ಶ್ರುತಿ ನಡುಗುತ್ತದೆ. ಆ ನಡುಕವೇ ಈ ಸಂಗೀತದ ಅರ್ಧ ಬಣ್ಣ ಅನ್ನುವುದು ನನ್ನ ಅಭಿಪ್ರಾಯ, ಈಗಿನ ಸಾಫ್ಟ್‌ವೇರ್ ಮೆಲೋಟ್ರಾನ್‌ಗಳು ಸಪ್ಪೆ ಅನ್ನಿಸುವುದು ಅದು ತೀರಾ ನೀಟಾಗಿದ್ದಾಗಲೇ.

ಆಲ್ಬಮ್ ಚೆನ್ನಾಗಿದೆ, ಅದ್ಭುತ ಅಂತ ಹೇಳಲಾರೆ. ಡ್ರಮ್ಸ್ ಬಾರಿಸಿದ ಪಿಕ್ ವಿದರ್ಸ್ ಆಮೇಲೆ ಡೈರ್ ಸ್ಟ್ರೇಟ್ಸ್‌ಗೆ ಹೋಗಿ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಬಾರಿಸಿದರು. ಬ್ಯಾಂಡ್ ಮಾತ್ರ ಎರಡನೇ ಆಲ್ಬಮ್ ಹೊತ್ತಿಗೇ ಒಡೆಯಿತು. ನೋಟ್‌ಬುಕ್: ಬ್ಯಾಂಡೇ ಉಳಿಯಲಿಲ್ಲ.

ವಾರ 11ರಿಂದ 17, ಪಟ್ಟಿಯೇ ಕೈಕೊಟ್ಟದ್ದು

ವ್ಯಾನ್ ಡರ್ ಗ್ರಾಫ್ ಜೆನರೇಟರ್, ‘ಪಾನ್ ಹಾರ್ಟ್ಸ್’, 1971. ಮೂರೇ ಹಾಡು. ಕೊನೆಯದು 23 ನಿಮಿಷ. ಹಡಗುಗಳು ಮುಳುಗುವುದನ್ನು, ಜನ ಸಾಯುವುದನ್ನು ನೋಡುತ್ತಾ ಏನೂ ಮಾಡಲಾಗದೆ ಕೂತ ದೀಪಸ್ತಂಭದ ಕಾವಲುಗಾರನ ತಲೆಯೊಳಗಿನ ಕಥೆ. ಡೇವಿಡ್ ಜ್ಯಾಕ್ಸನ್ ಒಂದೇ ಬಾಯಿಗೆ ಎರಡು ಸ್ಯಾಕ್ಸೊಫೋನ್ ಇಟ್ಟುಕೊಂಡು ಊದುವ ಮನುಷ್ಯ. ಹ್ಯೂ ಬ್ಯಾಂಟನ್ ಆರ್ಗನ್ ನುಡಿಸುತ್ತಲೇ ಕಾಲಿನಲ್ಲಿ ಬೇಸ್ ಒತ್ತುತ್ತಾರೆ. ಪೀಟರ್ ಹ್ಯಾಮಿಲ್ ಪಿಸುಗುಟ್ಟುವುದರಿಂದ ಕಿರುಚುವುದಕ್ಕೆ ಅರ್ಧ ಸೆಕೆಂಡ್ ಸಾಕು. ಪಟ್ಟಿಯ ರಾಜ ಇದೇ ಅಂತ ಬರೆಯಲು ಹೊರಟೆ.

ಆಮೇಲೆ ಓದಿದರೆ, ಅದು ಇಟಲಿಯಲ್ಲಿ ನಂಬರ್ ಒನ್ ಆಗಿತ್ತು.

ನಂಬರ್ ಒನ್ ಆದದ್ದನ್ನು ಮೂಲೆ ಸೇರಿದ್ದು ಅಂತ ಹೇಗೆ ಕರೆಯಲಿ? ತಮ್ಮದೇ ಇಂಗ್ಲೆಂಡಿನಲ್ಲಿ ಯಾರೂ ಅಷ್ಟಾಗಿ ತಿರುಗಿ ನೋಡದ ಬ್ಯಾಂಡ್, ಇಟಲಿಯಲ್ಲಿ ಸ್ಟಾರ್. ಎರಡು ವಾರ ಬಿಟ್ಟು ಕೆನಡಾದ ಕ್ವಿಬೆಕ್‌ನ ಹಾರ್ಮೋನಿಯಂ (ನಮ್ಮ ಪೆಟ್ಟಿಗೆ ಅಲ್ಲ, ಬ್ಯಾಂಡಿನ ಹೆಸರು) ಹಾಕಿದೆ. 1975ರಲ್ಲಿ ಅವರು ಮಾಡಿದ ಐದನೇ ಋತುವಿನ ಆಲ್ಬಮ್. ನಾಲ್ಕು ಹಾಡು ನಾಲ್ಕು ಋತುಗಳಿಗೆ, ಐದನೆಯದು ಇಲ್ಲದ ಒಂದು ಋತುವಿಗೆ, 17 ನಿಮಿಷ, ಪದಗಳೇ ಇಲ್ಲ. ಇಡೀ ಆಲ್ಬಮ್‌ನಲ್ಲಿ ಡ್ರಮ್ಸ್ ಇಲ್ಲ ಅಂತ ನನಗೆ ಹೊಳೆದದ್ದು ಎರಡನೇ ಸಲ ಮುಗಿಯುವಾಗ. ಕ್ವಿಬೆಕ್‌ನವರ ಹತ್ತಿರ ಹೋಗಿ ‘ಇದು ಯಾರಿಗೂ ಗೊತ್ತಿಲ್ಲದ ಆಲ್ಬಮ್’ ಅಂದರೆ ನಗುತ್ತಾರೆ. ಚಿಲಿಯ ಲೋಸ್ ಹೈವಾಸ್‌ದೂ ಅದೇ ಕಥೆ. 1973ರ ಸೇನಾ ದಂಗೆಯಾದ ಮೇಲೆ ದೇಶ ಬಿಟ್ಟು ಅರ್ಜೆಂಟೀನಾ, ಆಮೇಲೆ ಫ್ರಾನ್ಸ್ ಸೇರಿದವರು, 1981ರಲ್ಲಿ ಪಾಬ್ಲೊ ನೆರೂಡಾ ಅವರ ಮಾಚು ಪಿಚು ಪದ್ಯಗಳಿಗೆ ಸಂಗೀತ ಹಾಕಿದರು. ಆಂಡಿಸ್ ಬೆಟ್ಟದ ಕೊಳಲು, ಚರಾಂಗೊ ಅನ್ನುವ ಪುಟ್ಟ ತಂತಿವಾದ್ಯ ಒಂದು ಕಡೆ, ಮಿನಿಮೂಗ್ ಸಿಂಥಸೈಜರ್ ಇನ್ನೊಂದು ಕಡೆ. ಎರಡೂ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಹಾಗೆ ಹೊಂದಿಕೊಂಡಿವೆ. ಅವರ ದೇಶದಲ್ಲಿ ಅವರು ಮನೆಮಾತು.

ಹಾಗಾದರೆ ಗೊತ್ತಿಲ್ಲದೇ ಇದ್ದದ್ದು ಯಾರಿಗೆ? ನನಗೆ, ಮತ್ತು ಇಂಗ್ಲಿಷ್‌ನಲ್ಲಿ ಬರೆದ ಪಟ್ಟಿಗಳನ್ನೇ ಓದಿ ಬೆಳೆದ ನನ್ನಂಥವರಿಗೆ. ಇಲ್ಲಿ ಯೋಜನೆ ಒಂದು ವಾರ ನಿಂತೇ ಹೋಯಿತು. ಸುಮ್ನೆ ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕೊನೆಗೆ ನೋಟ್‌ಬುಕ್‌ನಲ್ಲಿ ಇನ್ನೊಂದು ಗೆರೆ ಎಳೆದೆ: ‘ಎಲ್ಲಿ ಮೂಲೆ ಸೇರಿತು?’ ಹಳೆಯ ಎಲ್ಲಾ ಪುಟಗಳಿಗೂ ಹೋಗಿ ಅದನ್ನು ತುಂಬಿದೆ. ಎಂಟು ವಾರ ಹಿಂದೆ ಬಿದ್ದದ್ದರಲ್ಲಿ ಇದರ ಪಾಲೂ ಇದೆ.

ಅದೇ ಭರದಲ್ಲಿ ನಾಲ್ಕನ್ನು ಹೊಡೆದು ಹಾಕಿದೆ. ಕ್ಯಾಮೆಲ್‌ನ ‘ದ ಸ್ನೋ ಗೂಸ್’ ನನಗೆ ಪ್ರಾಣ, ಆದರೆ 1975ರಲ್ಲೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಬಾರಿಸಿದ್ದನ್ನು ನಿರ್ಲಕ್ಷಿಸಲ್ಪಟ್ಟದ್ದು ಅಂತ ಹೇಳಲು ಮುಖ ಬರಲಿಲ್ಲ. ಉಳಿದ ಮೂರೂ ಹೀಗೇ, ಅಭಿಮಾನಕ್ಕೆ ಸೇರಿಸಿಕೊಂಡಿದ್ದವು.

ವಾರ 20, ತಡವಾಗಿ ಬಂದವರು

ಲೊಕಾಂಡಾ ದೆಲ್ಲೆ ಫಾತೆ, ಮತ್ತೆ ಇಟಲಿ. 1977ರ ಆಲ್ಬಮ್ ಹೆಸರಿನ ಅರ್ಥ ‘ಬಹುಶಃ ಮಿಂಚುಹುಳುಗಳು ಈಗ ಒಂದನ್ನೊಂದು ಪ್ರೀತಿಸುವುದಿಲ್ಲ’. ಏಳು ಜನ, ಅದರಲ್ಲಿ ಇಬ್ಬರು ಕೀಬೋರ್ಡ್, ಇಬ್ಬರು ಗಿಟಾರ್. ಐದು ವರ್ಷ ಮೊದಲು ಬಂದಿದ್ದರೆ ಮೇಲೆ ಹೇಳಿದ ದೊಡ್ಡ ಹೆಸರುಗಳ ಸಾಲಿನಲ್ಲಿ ಕೂರುತ್ತಿತ್ತು, ಈ ಮಾತಿಗೆ ನಾನು ಜವಾಬ್ದಾರ. ಆದರೆ 1977 ಅಂದರೆ ಪಂಕ್ ಬಂದಾಗಿತ್ತು. ಮೂರು ಕಾರ್ಡ್ (ಸ್ವರಗುಚ್ಛ), ಎರಡು ನಿಮಿಷ, ಮುಗಿಯಿತು. ಮಿಂಚುಹುಳುಗಳ ಬಗ್ಗೆ ಹತ್ತು ನಿಮಿಷ ಹಾಡುವವರನ್ನು ಕೇಳಲು ಯಾರು ನಿಲ್ಲುತ್ತಾರೆ?

ಅದಕ್ಕಿಂತ ತಡ ಸ್ವೀಡನ್ನಿನ ಎಂಗ್ಲಗೋರ್ಡ್. ‘ಹೈಬ್ರಿಸ್’, 1992. ಹತ್ತಿರಹತ್ತಿರ ಇಪ್ಪತ್ತರ ಹುಡುಗ ಹುಡುಗಿಯರು, ಜಗತ್ತೆಲ್ಲಾ ಗ್ರಂಜ್ ಕೇಳುತ್ತಿದ್ದಾಗ ಕೊಳಲು, ಮೆಲೋಟ್ರಾನ್ ಹಿಡಿದು ನಾಲ್ಕೇ ಹಾಡಿನ ಆಲ್ಬಮ್ ಮಾಡಿದರು, ಅದೂ ಸ್ವೀಡಿಷ್‌ನಲ್ಲಿ. ಯಾರು ಕೇಳುತ್ತಾರೆ ಅನ್ನುವ ಯೋಚನೆಯೇ ಇಲ್ಲ ಅವಕ್ಕೆ. ಎರಡನೇ ಆಲ್ಬಮ್ 1994ರಲ್ಲಿ, ಮೂರನೆಯದು 2012ರಲ್ಲಿ. ಮೊದಲ ಹಾಡು ಬರೀ ಪಿಯಾನೊದಿಂದ ಮೆಲ್ಲಗೆ ಶುರುವಾಗುತ್ತದೆ, ನೀವು ಆರಾಮಾಗಿ ಕೂತಿರುತ್ತೀರಿ, ಅಷ್ಟರಲ್ಲಿ ಇಡೀ ಬ್ಯಾಂಡ್ ಬಾಗಿಲು ಒದ್ದುಕೊಂಡು ಒಳಗೆ ಬರುತ್ತದೆ. ನಾನು ಕೇಳಿದ 23ರಲ್ಲಿ ಮತ್ತೆ ಮತ್ತೆ ಹಾಕಿದ್ದು ಇದನ್ನೇ, ಹತ್ತು ಹನ್ನೆರಡು ಸಲ ಆಗಿರಬೇಕು.

ಹಾಂ, ಗ್ರಿಫೊನ್ ಮರೆತೆ. ‘ರೆಡ್ ಕ್ವೀನ್ ಟು ಗ್ರಿಫೊನ್ ಥ್ರೀ’, 1974. ಚದುರಂಗದ ಆಟವನ್ನು ನಾಲ್ಕು ಹಾಡಿಲ್ಲದ ತುಣುಕುಗಳಲ್ಲಿ ಆಡುತ್ತಾರೆ, ಕೊನೆಯದರ ಹೆಸರು ‘ಚೆಕ್‌ಮೇಟ್’. ಬಸೂನ್, ಕ್ರಂಹಾರ್ನ್ ಥರದ ಹಳೆಯ ಕಾಲದ ಊದುವಾದ್ಯಗಳು. ಕ್ರಂಹಾರ್ನ್ ಸದ್ದು ಬಾತುಕೋಳಿಗೆ ನೆಗಡಿಯಾದ ಹಾಗಿದೆ, ಮೊದಲ ಸಲ ನಕ್ಕುಬಿಟ್ಟೆ. ಮೂರನೇ ಸಲವೂ ನಕ್ಕೆ, ಆದರೆ ಪ್ರೀತಿಯಿಂದ.

ಇಲ್ಲಿಯ ತನಕದ ಲೆಕ್ಕ ಹೀಗಿದೆ. 23ರಲ್ಲಿ ಕಂಪನಿಯ ಕಾರಣಕ್ಕೆ 6, ಭಾಷೆಯ ಕಾರಣಕ್ಕೆ 6, ಕಾಲ ತಪ್ಪಿ ಬಂದದ್ದು 5, ಬ್ಯಾಂಡ್ ಒಡೆದದ್ದು 3. ಉಳಿದ 3 ಆಲ್ಬಮ್ ಮೂಲೆ ಸೇರಿದ್ದಕ್ಕೆ ಕಾರಣ ಅವು ಅಷ್ಟೇನೂ ಚೆನ್ನಾಗಿಲ್ಲ ಅನ್ನುವುದು. ಹೆಸರು ಹೇಳುವುದಿಲ್ಲ, ಪಾಪ, ಮೊದಲೇ ಯಾರೂ ಕೇಳಿಲ್ಲ.

ಅರ್ಧಕ್ಕೆ ನಿಂತವು

ಬೆಲ್ಜಿಯಂನ ಯೂನಿವೆರ್ಸ್ ಝೀರೊ, ‘ಎರೆಸಿ’, 1979. ಮೊದಲ ತುಣುಕೇ 25 ನಿಮಿಷ. ಬಸೂನ್, ಪಿಟೀಲು, ನಿಜವಾದ ಹಾರ್ಮೋನಿಯಂ, ಎಲ್ಲವೂ ಸೇರಿ ಹಾಳುಬಿದ್ದ ಮನೆಯೊಂದರ ಒಳಗೆ ಯಾರೋ ನಡೆದಾಡಿದ ಹಾಗೆ. ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಿ ಹೆಡ್‌ಫೋನ್‌ನಲ್ಲಿ ಕೇಳಿದ್ದು ನನ್ನ ದಡ್ಡತನ. ಹದಿನಾಲ್ಕನೇ ನಿಮಿಷಕ್ಕೆ ಎದ್ದು ಲೈಟ್ ಹಾಕಿದೆ. ಇದನ್ನು ಹಗಲಿಗೆ ಎತ್ತಿಟ್ಟಿದ್ದೇನೆ.

ಇನ್ನೊಂದು ಫ್ರಾನ್ಸಿನ ಮ್ಯಾಗ್ಮಾ, 1973ರ ‘ಮೆಕಾನಿಕ್ ಡೆಸ್ಟ್ರುಕ್ಟಿವ್ ಕೊಮ್ಯಾಂಡೊ’. ಡ್ರಮ್ಸ್ ಬಾರಿಸುವ ಕ್ರಿಸ್ಟಿಯಾನ್ ವಾಂಡರ್‌ಗೆ ಇರುವ ಭಾಷೆ ಸಾಲದೆ ಕೊಬಾಯನ್ ಅಂತ ಒಂದು ಹೊಸ ಭಾಷೆಯನ್ನೇ ಕಟ್ಟಿಕೊಂಡರು. ಭಾಷೆಯ ಕಾರಣಕ್ಕೆ ಮೂಲೆ ಸೇರಿದ್ದು ಅಂತ ಬರೆಯಲು ಹೊರಟವನು ಇಲ್ಲಿ ಏನು ಬರೆಯಬೇಕು ಹೇಳಿ, ಈ ಭಾಷೆ ಯಾವ ದೇಶದಲ್ಲೂ ಇಲ್ಲ! ಒಂದೇ ಪದಗುಚ್ಛವನ್ನು ಇಡೀ ಗುಂಪು ಮತ್ತೆ ಮತ್ತೆ ಹೇಳುತ್ತದೆ, ಪ್ರತಿ ಸಲವೂ ಒಂದು ಮೆಟ್ಟಿಲು ಏರಿದ ಹಾಗೆ. ಏಳನೇ ವಾರದಲ್ಲಿ ಶುರು ಮಾಡಿ ಹತ್ತು ನಿಮಿಷಕ್ಕೆ ಕೈಮುಗಿದಿದ್ದೆ.

ಈ ವಾರ ಅದನ್ನೇ ಮತ್ತೆ ತೆಗೆದೆ. ಎರಡು ಸಲ ಪೂರ್ತಿ ಆಯಿತು. ಇವತ್ತು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಏನೋ ಗುನುಗುತ್ತಿದ್ದೆ, ಅದು ಕೊಬಾಯನ್ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೂರನೆಯದು ಭಾನುವಾರಕ್ಕೆ, ಹೆಡ್‌ಫೋನ್‌ನಲ್ಲಿ. ನೋಟ್‌ಬುಕ್ ಅಲ್ಲಿಯ ತನಕ ಮುಚ್ಚಿಯೇ ಇರುತ್ತದೆ.