ಬಳಸುವವರ ಅಗತ್ಯ, ಬರೆಯುವವರ ಹುಮ್ಮಸ್ಸು

2022ರ ಜೂನ್‌ನಲ್ಲಿ ಲಾಸ್ಸೆ ಕಾಲಿನ್ ಬರೆದ ಒಂದು ಇಮೇಲನ್ನು, ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ ಬಳಸಬಹುದಾದ ತಂತ್ರಾಂಶವನ್ನು ಬಳಸುವ ಎಲ್ಲರೂ ಓದಬೇಕು. ಫಿನ್‌ಲ್ಯಾಂಡಿನ ಇವರು ಎಕ್ಸ್‌ಜೆಡ್ ಎಂಬ, ಫೈಲುಗಳ ಗಾತ್ರ ಕುಗ್ಗಿಸುವ ತಂತ್ರಾಂಶವನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡು ಬಂದವರು. ಲಿನಕ್ಸ್ ಓಡುವ ಬಹುತೇಕ ಸರ್ವರುಗಳಲ್ಲಿ ಅದು ಇರುತ್ತದೆ. ಆಸಕ್ತಿ ಹೋಗಿಲ್ಲ, ಆದರೆ ಬಹಳ ದಿನಗಳಿಂದ ಇರುವ ಮಾನಸಿಕ ಆರೋಗ್ಯದ ತೊಂದರೆಯಿಂದ ಹೆಚ್ಚು ಗಮನ ಕೊಡಲು ಆಗುತ್ತಿಲ್ಲ ಅಂತ ಅವರು ಬರೆದಿದ್ದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನುವುದನ್ನೂ ನೆನಪಿಸಿದ್ದರು.

ಅಷ್ಟು ಬಿಡಿಸಿ ಹೇಳುವ ಹಾಗೆ ಮಾಡಿದ್ದು ಒತ್ತಾಯದ ಮೇಲುಗಳು. ಜಿಗರ್ ಕುಮಾರ್ ಎಂಬ ಹೆಸರಿನಿಂದ ಒಂದರ ಹಿಂದೆ ಒಂದು ದೂರು: ಮೇಂಟೇನರ್‌ಗೆ (ತಂತ್ರಾಂಶ ನೋಡಿಕೊಳ್ಳುವವರಿಗೆ) ಆಸಕ್ತಿ ಇಲ್ಲ, ಹೊಸಬರು ಬರುವವರೆಗೂ ಕೆಲಸ ಮುಂದೆ ಹೋಗಲ್ಲ. ಡೆನಿಸ್ ಎನ್ಸ್ ಎಂಬ ಇನ್ನೊಂದು ಹೆಸರು ಅವರ ಆರೋಗ್ಯದ ಬಗ್ಗೆ ಬೇಸರ ಹೇಳಿಕೊಂಡು, ಆದರೂ ಸಮುದಾಯಕ್ಕೆ ಇನ್ನೂ ಜಾಸ್ತಿ ಬೇಕು ಅಂದಿತು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನ ಒಬ್ಬರು ಒಳ್ಳೆಯ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಕಳಿಸುತ್ತಾ ಹತ್ತಿರವಾಗಿದ್ದರು. ನಿಧಾನಕ್ಕೆ ರಿಲೀಸ್ ಮಾಡುವ ಅಧಿಕಾರವೂ ಆ ಕೈಗೆ ಹೋಯಿತು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯೊಳಗೆ ಹಿಂಬಾಗಿಲು ಕೂತಿತ್ತು. ಕೀಲಿ ಇದ್ದವರು, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಸರ್ವರಿನೊಳಗೆ ನುಗ್ಗಬಹುದಿತ್ತು.

ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯಂಡ್ ಅವರಿಂದ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಮೇಲೆ ಕೆಲಸ ಮಾಡುವ ಅವರಿಗೆ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಕಂಡಿತು. ಅಷ್ಟಕ್ಕೆ ಸುಮ್ನೆ ಬಿಡದೆ ಬೆನ್ನು ಹತ್ತಿದರು. ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ಬಗೆಗಳಲ್ಲಿ ಆಗಿನ್ನೂ ಅದು ಪರೀಕ್ಷಾ ಆವೃತ್ತಿಗಳಿಗಷ್ಟೇ ಹೋಗಿತ್ತು.

ಒತ್ತಾಯ ಮಾಡಿದ ಆ ಹೆಸರುಗಳು ಅದಕ್ಕೆಂದೇ ಹುಟ್ಟಿಸಿದವು ಅಂತಲೇ ಭದ್ರತಾ ತಜ್ಞರು ನಂಬುತ್ತಾರೆ. ನನ್ನನ್ನು ಇವತ್ತಿಗೂ ಕಾಡುವುದು ಬೇರೆ. ಆ ಮೇಲುಗಳು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಯಾಕೆಂದರೆ ಮೇಂಟೇನರ್‌ಗಳ ಜೊತೆ ನಿಜವಾದ ಬಳಕೆದಾರರೂ ದಿನಾ ಹಾಗೇ ಮಾತಾಡುತ್ತಾರೆ, ಅಲ್ವಾ?

ನನಗೂ ಇದರ ಚಿಕ್ಕ ರುಚಿ ಗೊತ್ತು. ಹುಬ್ಬಳ್ಳಿಯ ಒಂದು ಸಣ್ಣ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಆಸ್ಕಿ ಫೈಲುಗಳ, ಅಂದರೆ ಆ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುವ ಫೈಲುಗಳ, ರಾಶಿಯೇ ಇತ್ತು. ಅವನ್ನು ಎಲ್ಲ ಕಡೆ ಓದಲು ಬರುವ ಯುನಿಕೋಡ್‌ಗೆ ತರಲು ಒಂದು ಪರಿವರ್ತಕ ಬರೆದೆ. ಇಂಥ ಪರಿವರ್ತಕಗಳು ಬೇರೆಯೂ ಇವೆ. ಆದರೆ ಇದರಲ್ಲಿ ಒಂದು ಒಗಟು ಇದೆ, ಅದನ್ನು ನಾನೇ ಬಿಡಿಸಬೇಕಿತ್ತು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ಅದೇ ರ್ ಅಕ್ಷರಕ್ಕಿಂತ ಮೊದಲು ಬರಬೇಕು. 'ಧರ್ಮ' ಸುಲಭ. 'ಸಾಮರ್ಥ್ಯ' ಬಂದರೆ ಥ, ಅದರ ಯ ಒತ್ತು, ಎರಡನ್ನೂ ದಾಟಿ ಹಿಂದೆ ಹೋಗಬೇಕು. ಜೊತೆಗೆ ಗುಣಿತವೂ ಸೇರಿದರೆ ಇನ್ನೊಂದು ಲೆಕ್ಕ. ಅದು ಸರಿಯಾಗಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ನಮ್ಮ ಕಚೇರಿಯ ಫೈಲುಗಳು ಮುಗಿದವು. ನನ್ನ ಅಗತ್ಯವೂ ಮುಗಿಯಿತು. ಅಲ್ಲಿಂದಾಚೆ ಬಂದದ್ದೆಲ್ಲ ಬೇರೆಯವರ ಅಗತ್ಯ: ವರ್ಡ್ ಫೈಲಿನೊಳಗಿನ ಟೇಬಲ್, ಮಧ್ಯೆ ಮಧ್ಯೆ ಇಂಗ್ಲಿಷ್ ಇರುವ ಸಾಲು, ಮೊಬೈಲ್ ಆಪ್. ಸುಳ್ಳು ಅಗತ್ಯಗಳಲ್ಲ ಇವು. ಡಿಟಿಪಿ ಮಾಡುವವರೊಬ್ಬರ ಹತ್ತಿರ ಇಡೀ ಪುಸ್ತಕ ನುಡಿಯಲ್ಲಿದೆ, ಪ್ರಕಾಶಕರು ಯುನಿಕೋಡ್ ಕೇಳುತ್ತಿದ್ದಾರೆ ಅಂದರೆ ಅವರ ಕಷ್ಟ ನಿಜ. ಆದರೆ "ಈ ವಾರದೊಳಗೆ ಬೇಕೇ ಬೇಕು ಸರ್" ಅಂತ ಓದಿದ ಕೂಡಲೇ ಲ್ಯಾಪ್‌ಟಾಪ್ ತೆರೆಯುವ ಮನಸ್ಸೇ ಹೋಗುತ್ತದೆ.

ಇದಕ್ಕೆ ತದ್ವಿರುದ್ಧ ಅನುಭವವೂ ಆಗಿದೆ. ಶಿರಸಿ ಕಡೆಯ ಕನ್ನಡ ಮೇಷ್ಟ್ರೊಬ್ಬರು ಒಂದು ಪಟ್ಟಿ ಕಳಿಸಿದರು. ಎಡಗಡೆ ತಪ್ಪಾಗಿ ಬರುತ್ತಿರುವ ಪದ, ಬಲಗಡೆ ಸರಿಯಾದ ರೂಪ. ಅವರಿಗೆ ಕೋಡ್ ಬರೆಯಲು ಬರುವುದಿಲ್ಲ. ಆದರೆ ಪಟ್ಟಿಯ ಪ್ರತಿ ಸಾಲೂ ನನಗೆ ಸಿದ್ಧ ಟೆಸ್ಟ್ ಆಯಿತು. ಕೂತು ಹುಡುಕುವ ಬೇಸರದ ಕೆಲಸವನ್ನು ಅವರು ಮಾಡಿದ್ದರು, ಬಿಡಿಸುವ ಖುಷಿ ನನಗೆ ಉಳಿದಿತ್ತು. ಆ ಭಾನುವಾರ ಮನೆಯವರು ಊಟಕ್ಕೆ ಕರೆದರೂ ಎದ್ದಿರಲಿಲ್ಲ.

ಹಾಗಂತ ಬರೆಯುವವರಿಗೆ ಹೊಣೆಯೇ ಇಲ್ಲ ಅಂತಲ್ಲ. ಬಳಸಿ ಅಂತ ಹೊರಗಿಟ್ಟ ಮೇಲೆ, ಏನು ಮಾಡುತ್ತೇನೆ, ಏನು ಮಾಡಲ್ಲ ಅಂತ ಮೊದಲೇ ಹೇಳಬೇಕು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದವರನ್ನು ನೋಡಿ. ಅವರ ಕೋಡ್ ಯಾರು ಬೇಕಾದರೂ ಬಳಸಬಹುದು, ಆದರೆ ಹೊರಗಿನವರ ಪ್ಯಾಚ್ ತೆಗೆದುಕೊಳ್ಳಲ್ಲ ಅಂತ ನೇರವಾಗಿ ಬರೆದಿದ್ದಾರೆ. 2050ರವರೆಗೆ ನೋಡಿಕೊಳ್ಳುವ ಉದ್ದೇಶವಿದೆ ಅಂತಲೂ ಹೇಳಿದ್ದಾರೆ. ಅದನ್ನು ನೆಚ್ಚಿಕೊಂಡ ಕಂಪನಿಗಳು ಹಣ ಕೊಡುತ್ತವೆ. ಬಾಗಿಲು ಎಲ್ಲಿ ಮುಚ್ಚಿದೆ ಅಂತ ಗೊತ್ತಿದ್ದರೆ ಯಾರೂ ಸುಮ್ನೆ ಕಾಯುವುದಿಲ್ಲ.

ಹಣದ ಮಾತು ಬಂತು. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಜಗತ್ತಿನ ಎಷ್ಟೋ ವೆಬ್‌ಸೈಟುಗಳು ಮಾಹಿತಿಯನ್ನು ಗುಟ್ಟಾಗಿ ಕಳಿಸಲು ನಂಬಿದ್ದ, ಆ ದೋಷವಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ವರ್ಷಕ್ಕೆ ಸಿಗುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ ಗೊತ್ತಾಯಿತು. ಈಗ ಸ್ವಲ್ಪ ಬದಲಾಗಿದೆ. ಷೇರು ವಹಿವಾಟು ನಡೆಸುವ ನಮ್ಮ ಬೆಂಗಳೂರಿನ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಶುರುಮಾಡಿತು. ಬಳಸಿ ದುಡಿದ ಕಂಪನಿ ಹೀಗೆ ಮುಂದೆ ಬಂದದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ಒಗಟು ಬಿಡಿಸುವ ಖುಷಿ ಹಣದಿಂದ ಬರುವುದಿಲ್ಲ ನಿಜ. ಆದರೆ ರಿಲೀಸ್ ಕಟ್ಟುವುದು, ಹಳೆಯ ದೋಷ ತಿದ್ದುವುದು, ಬಂದ ಮೇಲಿಗೆ ಉತ್ತರಿಸುವುದು, ಇಂಥ ಖುಷಿಯಿಲ್ಲದ ಕೆಲಸಕ್ಕೇ ಹಣ ಬೇಕಾಗುವುದು.

ಲಾಸ್ಸೆ ಕಾಲಿನ್ ಬಿಟ್ಟು ಹೋಗಲಿಲ್ಲ. ಹಿಂಬಾಗಿಲನ್ನು ಕಿತ್ತುಹಾಕಿ 2024ರ ಮೇ ಕೊನೆಯಲ್ಲಿ 5.6.2 ಬಿಡುಗಡೆ ಮಾಡಿದರು. ಅವರ ಬಗ್ಗೆ ನನಗಿರುವ ಗೌರವ ದೊಡ್ಡದು.

ನನ್ನ ಪರಿವರ್ತಕದ ಪುಟದಲ್ಲಿ ಈಗ ಮೊದಲೇ ಬರೆದಿದ್ದೇನೆ: ಮೊಬೈಲ್ ಆಪ್ ಮಾಡಲ್ಲ, ವರ್ಡ್ ಟೇಬಲ್ ನನ್ನಿಂದ ಆಗಲ್ಲ. ತಪ್ಪು ಪದ ಸಿಕ್ಕರೆ ಮೂಲ ಮತ್ತು ಸರಿಯಾದ ರೂಪ ಎರಡನ್ನೂ ಕಳಿಸಿ, ನೋಡೇ ನೋಡುತ್ತೇನೆ. ಟೇಬಲ್ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ಭಾನುವಾರ ಬೆಳಗ್ಗೆ ಫೋನ್‌ನಲ್ಲಿ ಜೊತೆಗೆ ಕೂತು ಕೋಡ್ ಓದಿಸುತ್ತೇನೆ.