ಸ್ಯಾಟಲೈಟ್‌ನಲ್ಲಿ ಕಾಣಲ್ವಾ?

ಕಾಣಲ್ಲ. ಇನ್ನು ಮುಂದೆ ಕೇಳಿದವರಿಗೆಲ್ಲ ಈ ಬರಹದ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಹಡಗಿನಲ್ಲಿ ಯಾರಾದರೂ ಯುರೇನಿಯಂ, ಪ್ಲುಟೋನಿಯಂ ಬಚ್ಚಿಟ್ಟು ಸಾಗಿಸಿದರೆ ನಡುಸಮುದ್ರದಲ್ಲೇ ಪತ್ತೆ ಹಚ್ಚುವ ಉಪಕರಣ ಮಾಡುವುದು ನನ್ನ ಕೆಲಸ. ಹಾಸನಕ್ಕೆ ಬಂದಾಗಲೆಲ್ಲ ಇದೇ ಪ್ರಶ್ನೆ. ಇಷ್ಟು ಸುಲಭದ ಉಪಾಯ ನನಗೆ ಹೊಳೆದೇ ಇಲ್ಲ ಅನ್ನುವ ಧಾಟಿ ಬೇರೆ. ಹೋದ ಸಲ ಒಂದು ಬೀಗರೂಟದಲ್ಲಿ ಮಾವ ಮುದ್ದೆ ಮುರಿಯುತ್ತಾ, "ಎಂಸಿಎಫ್ ನಮ್ಮೂರಲ್ಲೇ ಐತಲ್ಲಪ್ಪ, ಒಂದ್ ಮಾತು ಕೇಳ್ಬಾರ್ದಾ?" ಅಂದರು. ಎಂಸಿಎಫ್ ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ.

ಮಾವ, ಎಂಸಿಎಫ್‌ನವರು ನೋಡಿಕೊಳ್ಳುವ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಾವು ಯುರೇನಿಯಂ ಹುಡುಕುವುದು ಅದು ಸೂಸುವ ಗಾಮಾ ಕಿರಣ ಹಿಡಿದು. ಬಾಂಬಿಗೆ ಬೇಕಾಗುವ ಯುರೇನಿಯಂ-235ರ ಮುಖ್ಯ ಗಾಮಾ ಕಿರಣಕ್ಕೆ ಇರುವ ಶಕ್ತಿ 186 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿ ಅಳೆಯುವ ಮಾನ). ಕೆಲವು ನೂರು ಮೀಟರ್ ಗಾಳಿ ದಾಟುವಷ್ಟರಲ್ಲಿ ಅದರ ಕಥೆ ಮುಗಿಯಿತು. ಕೆಲವೇ ಮಿಲಿಮೀಟರ್ ಸೀಸ ಸುತ್ತಿದರೆ ಪೆಟ್ಟಿಗೆಯಿಂದಲೇ ಹೊರಗೆ ಬರಲ್ಲ.

ಹತ್ತಿರ ಹೋಗಲೇಬೇಕು. 1989ರ ಜುಲೈನಲ್ಲಿ ಕಪ್ಪು ಸಮುದ್ರದಲ್ಲಿ 'ಸ್ಲಾವಾ' ಅನ್ನುವ ಸೋವಿಯತ್ ಯುದ್ಧನೌಕೆಯ ಮೇಲೆ ಅಮೆರಿಕ, ಸೋವಿಯತ್ ಎರಡೂ ದೇಶದ ವಿಜ್ಞಾನಿಗಳು ಸೇರಿ ಪ್ರಯೋಗ ಮಾಡಿದರು. ಅಮೆರಿಕದವರು ಅಣು ಸಿಡಿತಲೆ ಹೊತ್ತ ಕ್ಷಿಪಣಿಯ ಪಕ್ಕದಲ್ಲೇ ಗಾಮಾ ಕಿರಣ ಅಳೆಯುವ ಜರ್ಮೇನಿಯಂ ಡಿಟೆಕ್ಟರ್ ಇಟ್ಟರು. ಸೋವಿಯತ್‌ನವರು ಹೆಲಿಕಾಪ್ಟರ್‌ನಲ್ಲಿ ಹತ್ತಿರ ಹಾರಿ ಸಿಡಿತಲೆಯಿಂದ ಹೊರಬರುವ ನ್ಯೂಟ್ರಾನ್ ಕಣ ಹಿಡಿದರು. ಸಿಡಿತಲೆ ಎಲ್ಲಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು! ನಮಗೆ ಆ ಭಾಗ್ಯ ಇಲ್ಲ.

ಮಾವ ಆಲೂಗಡ್ಡೆ ಬೆಳೆಯುವವರು. "ನನ್ನ ಪೊಟ್ಯಾಷ್ ಮೂಟೆಗೂ ನಿನ್ನ ಮಿಷನ್ ಕೂಗ್ತದಾ?" ಅಂತ ಕೇಳಿದ್ದರೆ ಊಟ ಬಿಟ್ಟು ಹೇಳುತ್ತಿದ್ದೆ. ಕೂಗುತ್ತದೆ. ಆ ಗೊಬ್ಬರದಲ್ಲಿರುವ ಪೊಟ್ಯಾಸಿಯಂನ ಪ್ರತಿ 10,000 ಪರಮಾಣುಗಳಲ್ಲಿ ಸುಮಾರು ಒಂದು ವಿಕಿರಣ ಸೂಸುವಂಥದ್ದು. ನಮ್ಮ ದೇಶಕ್ಕೆ ಪೊಟ್ಯಾಷ್ ಬರುವುದೂ ಹಡಗಿನಲ್ಲೇ. ಸೀಸದೊಳಗಿನ ಯುರೇನಿಯಂ ತೆಪ್ಪಗಿರುತ್ತದೆ, ಗೊಬ್ಬರ ಬೊಬ್ಬೆ ಹೊಡೆಯುತ್ತದೆ. ಗ್ರಾನೈಟ್, ಟೈಲ್ಸ್ ಕೂಡ ಅಷ್ಟೇ. ಪ್ರತಿ ಅಲಾರಂಗೂ ಹಡಗು ನಿಲ್ಲಿಸಿದರೆ ವ್ಯಾಪಾರ ಮಾಡುವವರು ನಮ್ಮನ್ನೇ ಸಮುದ್ರಕ್ಕೆ ಎಸೆಯುತ್ತಾರೆ.

ಹಾಗಾಗಿ ಕಿರಣ ಎಷ್ಟು ಬಂತು ಅನ್ನುವುದಷ್ಟೇ ಸಾಲದು, ಯಾವ ಶಕ್ತಿಯದ್ದು ಅಂತಲೂ ಅಳೆಯಬೇಕು. ಅಳತೆಯಲ್ಲಿ ಪೊಟ್ಯಾಸಿಯಂ ಕಿರಣದ ಗೆರೆ 1,460 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬೀಳುತ್ತದೆ, ಯುರೇನಿಯಂನ 186ರಿಂದ ಬಹಳ ದೂರ. ಜರ್ಮೇನಿಯಂ ಇದನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ, ಆದರೆ ಅದನ್ನು ದ್ರವ ಸಾರಜನಕದಷ್ಟು ತಣ್ಣಗೆ ಇಡಬೇಕು. ಕುಲುಕಾಡುವ ದೋಣಿಯಲ್ಲಿ ಅದೊಂದು ಪಾಡು. ಇನ್ನೊಂದು ಬಗೆಯ ಡಿಟೆಕ್ಟರ್ ಆದ ಸೋಡಿಯಂ ಅಯೋಡೈಡ್ ಹರಳಿಗೆ ಆ ತಂಟೆ ಇಲ್ಲ, ಆದರೆ ಬಿಸಿಲು ಏರಿದರೆ ಅದರ ಅಳತೆ ಜಾರುತ್ತದೆ. ಆಗ ಸರಿಮಾಡಿಕೊಳ್ಳುವುದಕ್ಕೆ ನೆರವಾಗುವುದು ಅದೇ 1,460ರ ಗೆರೆ. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಒಂದು ಪೊಟ್ಯಾಷ್ ಚೀಲ ಇದೆ. ಹಾಸನದ ಗೊಬ್ಬರದಂಗಡಿಯಲ್ಲಿ ಕೊಂಡದ್ದು. ಲೆಕ್ಕಪತ್ರದವರು ಅದರ ಬಿಲ್ ಇನ್ನೂ ಪಾಸ್ ಮಾಡಿಲ್ಲ.