ಬೆಥೂನ್ ಹೋರಾಡಿದರೇ, ಹೊಂದಿಕೊಂಡು ಹೋದರೇ?

ಕಲಬುರಗಿಯಲ್ಲಿ ಶಿಕ್ಷಕರಾಗಲು ಓದುತ್ತಿರುವ ಪ್ರಶಿಕ್ಷಣಾರ್ಥಿಗಳಿಗೆ ಶಿಕ್ಷಣದ ಇತಿಹಾಸವನ್ನು ಪಾಠ ಮಾಡುವಾಗ ನಾನು ಮೇರಿ ಮೆಕ್‌ಲೌಡ್ ಬೆಥೂನ್ ಅವರ ಹೆಸರನ್ನು ಬಿಡುವುದಿಲ್ಲ. ಅಮೆರಿಕದ ಆ ಕಪ್ಪು ಶಿಕ್ಷಕಿಯ ಕಥೆ ಮುಗಿಯುತ್ತಿದ್ದಂತೆ ಯಾರಾದರೊಬ್ಬರು ಎದ್ದು ನಿಂತು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಮೇಡಂ, ದೇವರ ಮ್ಯಾಲ ಇಷ್ಟು ನಂಬಿಕಿ ಇಟ್ಟವರು, ಬಿಳಿಯರ ಮನಿ ಬಾಗಿಲಿಗೆ ಹೋಗಿ ರೊಕ್ಕ ಕೇಳಿದವರು, ಖರೇನ ಹೋರಾಟ ಮಾಡಿದ್ರೋ, ಇಲ್ಲಾ ಹೊಂದಿಕೊಂಡು ಹೋದ್ರೋ?" ಸೌಹಾರ್ದ ಎಂಬುದನ್ನು ತಗ್ಗಿ ನಡೆಯುವುದು ಎಂದೇ ತಿಳಿದವರ ಊರುಗಳಿಂದ ಈ ಮಕ್ಕಳು ಬಂದಿರುತ್ತಾರೆ. ಅದರಿಂದ ಈ ಪ್ರಶ್ನೆಗೆ ವಿವರವಾದ ಉತ್ತರ ಸಲ್ಲಬೇಕು ಎಂದು ನನಗೆ ಅನ್ನಿಸಿದೆ.

ಬೆಥೂನ್ 1875ರ ಜುಲೈ 10ರಂದು ದಕ್ಷಿಣ ಕ್ಯಾರೊಲಿನಾದ ಮೇಸ್‌ವಿಲ್ ಬಳಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ತಂದೆತಾಯಿಯ 17 ಮಕ್ಕಳಲ್ಲಿ 15ನೆಯವರಾಗಿ ಹುಟ್ಟಿದರು. ಮನೆಮಂದಿಯೆಲ್ಲ ಹತ್ತಿ ಬಿಡಿಸಿ ಬದುಕುತ್ತಿದ್ದರು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಬೀಳುವುದನ್ನು ಕಂಡಿರುವ ಯಾದಗಿರಿ ಸೀಮೆಯ ನನ್ನ ವಿದ್ಯಾರ್ಥಿಗಳಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ಜೊತೆ ಬಿಳಿಯರ ಮನೆಗೆ ಹೋಗಿದ್ದಾಗ ಅಲ್ಲಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡ ಬಾಲೆಯಿಂದ ಆ ಮನೆಯ ಮಗು ಅದನ್ನು ಕಿತ್ತುಕೊಂಡು, ನಿನಗೆ ಓದಲು ಬರುವುದಿಲ್ಲ, ಇಟ್ಟುಬಿಡು ಎಂದಿತಂತೆ. ಮುಂದೆ ಮಿಷನ್ ಶಾಲೆಯ ಕಪ್ಪು ಶಿಕ್ಷಕಿ ಎಮ್ಮಾ ವಿಲ್ಸನ್ ಅವರ ಕೈಯಲ್ಲಿ ಅಕ್ಷರ ಕಲಿತರು. ದೂರದ ಡೆನ್ವರ್‌ನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಮೇರಿ ಕ್ರಿಸ್‌ಮನ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮಹಿಳೆ ಕಳುಹಿಸಿದ ಹಣದಿಂದ ಮುಂದಿನ ಓದು ಸಾಗಿತು. ಕಳುಹಿಸಿದವರು ಬಿಳಿಯರು ಎಂಬುದನ್ನು ಬೆಥೂನ್ ಎಂದೂ ಮರೆಯಲಿಲ್ಲ. ಪುಸ್ತಕ ಕಿತ್ತುಕೊಂಡವರೂ ಬಿಳಿಯರೇ ಎಂಬುದನ್ನೂ ಮರೆಯಲಿಲ್ಲ. ಶಿಕಾಗೋದ ಮೂಡಿ ಬೈಬಲ್ ಸಂಸ್ಥೆಯಲ್ಲಿ ಕಲಿತು ಆಫ್ರಿಕಾಕ್ಕೆ ಧರ್ಮಪ್ರಚಾರಕಿಯಾಗಿ ಹೋಗಬೇಕೆಂದಿದ್ದರು. ಕಪ್ಪು ಜನರಿಗೆ ಅಲ್ಲಿ ಹುದ್ದೆಯಿಲ್ಲ ಎಂದು ಅವರದೇ ಚರ್ಚಿನ ಮಿಷನ್ ಮಂಡಳಿ ಅವರನ್ನು ತಿರುಗಿ ಕಳುಹಿಸಿತು. ದೇವರ ಕೆಲಸಕ್ಕೂ ಬಣ್ಣ ನೋಡುತ್ತಾರೆ ಎಂದು ತಿಳಿದ ಮೇಲೂ ಅವರು ದೇವರನ್ನು ಬಿಡಲಿಲ್ಲ, ಮಂಡಳಿಯ ಮಾತನ್ನು ದೇವರ ಮಾತೆಂದು ಒಪ್ಪಲೂ ಇಲ್ಲ. ಅವರ ಜೀವನವನ್ನು ಅರ್ಥಮಾಡಿಕೊಳ್ಳಲು ನನಗೆ ಈ ಘಟ್ಟವೇ ಮುಖ್ಯವಾಗಿ ಕಾಣುತ್ತದೆ.

1904ರ ಅಕ್ಟೋಬರ್ 3ರಂದು ಫ್ಲಾರಿಡಾದ ಡೇಟೋನಾದಲ್ಲಿ ಒಂದೂವರೆ ಡಾಲರ್ ಕೈಯಲ್ಲಿಟ್ಟುಕೊಂಡು, 5 ಹುಡುಗಿಯರನ್ನೂ ತಮ್ಮ ಮಗನನ್ನೂ ಕೂಡಿಸಿಕೊಂಡು ಅವರು ಶಾಲೆ ಆರಂಭಿಸಿದರು. ಎಸೆದ ಮರದ ಪೆಟ್ಟಿಗೆಗಳು ಮೇಜುಗಳಾದವು, ಸುಟ್ಟ ಕಟ್ಟಿಗೆಯ ಇದ್ದಿಲ ಚೂರುಗಳು ಪೆನ್ಸಿಲ್ಲುಗಳಾದವು, ಕಾಡುಹಣ್ಣಿನ ರಸವೇ ಶಾಯಿಯಾಯಿತು. ಸಿಹಿಗೆಣಸಿನ ತಿನಿಸು ಮಾಡಿ ಕಟ್ಟಡ ಕೆಲಸಗಾರರಿಗೆ ಮಾರಿದರು. ಊರಿನ ಕಸ ಸುರಿಯುತ್ತಿದ್ದ ಜಾಗವನ್ನು ಕಂತಿನ ಮೇಲೆ ಕೊಂಡು, 1907ರಲ್ಲಿ ಅಲ್ಲಿ ಎಬ್ಬಿಸಿದ ಮೊದಲ ಕಟ್ಟಡಕ್ಕೆ ನಂಬಿಕೆ ಎಂಬ ಅರ್ಥದ ಹೆಸರನ್ನೇ ಇಟ್ಟರು. ಸಾಬೂನು ಕಾರ್ಖಾನೆಯ ಒಡೆಯ ಜೇಮ್ಸ್ ಗ್ಯಾಂಬಲ್ ಅವರನ್ನು ಶಾಲೆ ನೋಡಲು ಕರೆದಾಗ ನಡೆದ ಮಾತುಕತೆಯನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಬಂದವರು ಸುತ್ತ ನೋಡಿ ಶಾಲೆ ಎಲ್ಲಿದೆ ಎಂದು ಕೇಳಿದರಂತೆ. ಅದು ನನ್ನ ಮನಸ್ಸಿನಲ್ಲಿದೆ, ಆ ಕನಸಿಗೆ ನೀವು ಧರ್ಮದರ್ಶಿಯಾಗಬೇಕು ಎಂದು ಬೆಥೂನ್ ಉತ್ತರಿಸಿದರು, ಗ್ಯಾಂಬಲ್ ಒಪ್ಪಿಕೊಂಡರು.

ಹಣ ಕೇಳಿದ್ದು ಕೈಚಾಚಿದ್ದಲ್ಲವೇ ಎಂಬ ಮಾತಿಗೆ ನನ್ನ ಉತ್ತರ ಇಲ್ಲಿಯೇ ಇದೆ. ಶರಣಬಸವೇಶ್ವರರ ದಾಸೋಹದ ನೆನಪಿರುವ ನಮ್ಮ ಊರಿನಲ್ಲಿ ಇದು ಕಷ್ಟದ ಮಾತಾಗಬಾರದು. ದಾಸೋಹದಲ್ಲಿ ಕೊಟ್ಟವನು ದೊಡ್ಡವನಲ್ಲ, ಉಂಡವನು ಸಣ್ಣವನಲ್ಲ; ಕೊಡುವುದು ಕೊಡುವವನ ಮೇಲಿರುವ ಋಣ. ಬೆಥೂನ್ ಶ್ರೀಮಂತರ ಮುಂದೆ ನಿಂತದ್ದು ಈ ಭಾವದಿಂದ. ಅವರ ಶಾಲೆಯಲ್ಲಿ ಭಾನುವಾರ ನಡೆಯುತ್ತಿದ್ದ ಸಾರ್ವಜನಿಕ ಸಭೆಗಳಿಗೆ ಬಿಳಿಯ ಪ್ರವಾಸಿಗರೂ ದಾನಿಗಳೂ ಬರುತ್ತಿದ್ದರು. ರೈಲು, ಆಸ್ಪತ್ರೆ, ನೀರಿನ ನಲ್ಲಿ ಎಲ್ಲವೂ ಬೇರೆಬೇರೆಯಾಗಿದ್ದ ಆ ಕಾಲದ ಫ್ಲಾರಿಡಾದಲ್ಲಿ, ಈ ಸಭೆಯಲ್ಲಿ ಮಾತ್ರ ಬಿಳಿಯರಿಗೆಂದು ಪ್ರತ್ಯೇಕ ಸಾಲು ಇರಲಿಲ್ಲ. ಯಾವ ದಾನಿಯೇ ಬರಲಿ, ಕಪ್ಪು ಜನರ ಪಕ್ಕದ ಕುರ್ಚಿಯಲ್ಲಿ ಕೂರಬೇಕಿತ್ತು. ಹೊಂದಿಕೊಂಡು ಹೋಗುವವರು ಮಾಡುವ ಕೆಲಸ ಇದಲ್ಲ.

ಇನ್ನು ಆಸ್ಪತ್ರೆಯ ಸಂಗತಿ. ಅಪೆಂಡಿಸೈಟಿಸ್‌ನಿಂದ ನರಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ಬಿಳಿಯರ ಆಸ್ಪತ್ರೆಗೆ ಸೇರಿಸಿದಾಗ ಅವಳನ್ನು ವಾರ್ಡಿನೊಳಗೆ ಮಲಗಿಸದೆ ಹಿಂಬದಿಯ ಪಡಸಾಲೆಯಲ್ಲಿ ಹಾಕಿದ್ದರು. ಅದನ್ನು ಕಂಡ ಬೆಥೂನ್ ಬೇಡಿಕೆಪತ್ರ ಬರೆಯುತ್ತ ಕೂರಲಿಲ್ಲ. 1911ರಲ್ಲಿ ಶಾಲೆಯ ಪಕ್ಕದಲ್ಲೇ ಕಪ್ಪು ಜನರಿಗಾಗಿ ಆಸ್ಪತ್ರೆ ತೆರೆದರು. 1920ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದ ಮೇಲೆ ಕಪ್ಪು ಮಹಿಳೆಯರ ಹೆಸರು ನೋಂದಾಯಿಸಲು ಮನೆಮನೆ ತಿರುಗಿ ಹಣ ಕೂಡಿಸಿದರು, ರಾತ್ರಿ ತರಗತಿ ನಡೆಸಿದರು. ಕಪ್ಪು ಜನರನ್ನು ಹಿಂಸೆಯಿಂದ ಹತ್ತಿಕ್ಕುತ್ತಿದ್ದ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಬಿಳಿ ನಿಲುವಂಗಿ ತೊಟ್ಟು ಅವರನ್ನು ಹೆದರಿಸಲು ಶಾಲೆಯ ಆವರಣಕ್ಕೇ ಬಂದರು. ಬೆಥೂನ್ ಜಾಗ ಬಿಟ್ಟು ಕದಲಲಿಲ್ಲ; ತಮ್ಮವರನ್ನು ಕರೆದುಕೊಂಡು ಮತಗಟ್ಟೆಗೆ ಹೋದರು.

1938ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಸಮ್ಮೇಳನದ ಪ್ರಸಂಗವನ್ನು ಹೇಳುವಾಗ ತರಗತಿ ತಾನಾಗಿಯೇ ಗಂಭೀರವಾಗುತ್ತದೆ. ಪೊಲೀಸರು ಬಿಳಿಯರನ್ನೂ ಕರಿಯರನ್ನೂ ಬೇರೆಬೇರೆ ಕೂಡಿಸಿದ್ದ ಆ ಸಭೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಬಿಳಿಯ ಮಹಿಳೆ, ಬೆಥೂನರನ್ನು ವೇದಿಕೆಗೆ ಕರೆಯುವಾಗ ಬರಿಯ ಮೇರಿ ಎಂದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರಿಗೆ, ಅವರೆಷ್ಟೇ ಹಿರಿಯರಾಗಿರಲಿ, ಹೆಸರಿನ ಮುಂದೆ ಗೌರವದ ಶಬ್ದ ಹಚ್ಚುವ ರೂಢಿ ಇರಲಿಲ್ಲ. 63 ವರ್ಷದ, ಆ ಹೊತ್ತಿಗೆ ಕೇಂದ್ರ ಸರ್ಕಾರದಲ್ಲಿ ವಿಭಾಗವೊಂದರ ಮುಖ್ಯಸ್ಥೆಯಾಗಿದ್ದ ಬೆಥೂನ್, ತಮ್ಮ ಹೆಸರು ಮಿಸೆಸ್ ಬೆಥೂನ್ ಎಂದು ತುಂಬಿದ ಸಭೆಯಲ್ಲಿ ತಿದ್ದಿದರು. ನಮ್ಮ ಹಳ್ಳಿಗಳಲ್ಲಿ ಮೀಸೆ ಚಿಗುರದ ಹುಡುಗ ದಲಿತ ಕೇರಿಯ ಮುದುಕನನ್ನು "ಬಾರಲೇ" ಎಂದು ಕರೆಯುವುದನ್ನು ಕೇಳಿ ಬೆಳೆದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಹಾಗೆ ಕರೆಸಿಕೊಂಡವರ ಮಕ್ಕಳೂ ಇದ್ದಾರೆ, ಕರೆದವರ ಮಕ್ಕಳೂ ಇದ್ದಾರೆ. ಆ ಒಂದು ತಿದ್ದುಪಡಿಗೆ ಎಷ್ಟು ಎದೆಗಾರಿಕೆ ಬೇಕೆಂದು ಇಬ್ಬರಿಗೂ ಗೊತ್ತು.

ಕಲಬುರಗಿಯಲ್ಲಿ ಸೌಹಾರ್ದದ ಮಾತಿಗೆ ಬರವಿಲ್ಲ. ಬಂದೇ ನವಾಜರ ಉರುಸಿಗೆ ಹಿಂದೂಗಳು ಹೋಗುತ್ತಾರೆ, ಶರಣಬಸವೇಶ್ವರರ ಜಾತ್ರೆಗೆ ಮುಸ್ಲಿಮರು ಬರುತ್ತಾರೆ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ನಿಜವೂ ಹೌದು, ಉಳಿಸಿಕೊಳ್ಳಬೇಕಾದದ್ದೂ ಹೌದು. ಆದರೆ ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಸೇರುವುದು ಬೇರೆ, ದಿನವೂ ಒಂದೇ ಬೆಂಚಿನಲ್ಲಿ ಕೂರುವುದು ಬೇರೆ. ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಕುಡಿಯುವ ನೀರಿನ ಕೊಡವನ್ನು ಯಾವ ಮಗು ಮುಟ್ಟಲು ಹಿಂಜರಿಯುತ್ತದೆ, ಬಾಡಿಗೆ ಮನೆ ಕೇಳಲು ಹೋದ ಶಿಕ್ಷಕರ ಹೆಸರು ಕೇಳಿದ ಮೇಲೆ ಮನೆ ಯಾಕೆ ಖಾಲಿ ಇರುವುದಿಲ್ಲ ಎಂಬುದನ್ನು ನೋಡದ ಸೌಹಾರ್ದವನ್ನು ಬೆಥೂನ್ ಒಪ್ಪುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅವರ ಭಕ್ತಿ ಅವರನ್ನು ಮೆತ್ತಗಾಗಿಸಲಿಲ್ಲ. ಎಲ್ಲರೂ ಒಬ್ಬ ತಂದೆಯ ಮಕ್ಕಳು ಎಂಬುದನ್ನು ಅಕ್ಷರಶಃ ನಂಬಿದವರಿಗೆ ಹಿಂಬದಿಯ ಪಡಸಾಲೆಯಲ್ಲಿ ಮಲಗಿದ ಹುಡುಗಿಯನ್ನು ನೋಡಿ ಸುಮ್ಮನಿರುವುದು ಸಾಧ್ಯವಾಗುವುದಿಲ್ಲ.

ಅವರು ಎಲ್ಲ ಕಡೆಯೂ ಒಂದೇ ಬಿರುಸಿನಿಂದ ನಡೆದುಕೊಂಡರು ಎಂದು ನಾನು ಹೇಳುವುದಿಲ್ಲ. ವಾಷಿಂಗ್ಟನ್ನಿನಲ್ಲಿ ಅಧಿಕಾರಸ್ಥರ ಸ್ನೇಹ ಉಳಿಸಿಕೊಳ್ಳಲು ಮಾತನ್ನು ತೂಗಿ ಆಡಿದ ಸಂದರ್ಭಗಳಿವೆ, ಅದಕ್ಕಾಗಿ ಟೀಕೆಯನ್ನೂ ಎದುರಿಸಿದರು. ಅದನ್ನು ನಾನು ತಂತ್ರವೆಂದು ಕಾಣುತ್ತೇನೆ. ನನ್ನ ಕೆಲವು ವಿದ್ಯಾರ್ಥಿಗಳು ಒಪ್ಪುವುದಿಲ್ಲ, ಒಪ್ಪಲೇಬೇಕೆಂದು ನಾನು ಹಟ ಹಿಡಿಯುವುದೂ ಇಲ್ಲ. ಬದಲಿಗೆ ಅವರು ಕೊನೆಗಾಲದಲ್ಲಿ ಮುಂದಿನ ಪೀಳಿಗೆಗೆಂದು ಬರೆದಿಟ್ಟ ಉಯಿಲನ್ನು ಓದಲು ಹೇಳುತ್ತೇನೆ. ಪ್ರೀತಿ, ಭರವಸೆ, ವಿದ್ಯೆಯ ದಾಹ, ಶ್ರದ್ಧೆ ಎಂದು ಸಾಗುವ ಆ ಪಟ್ಟಿಯಲ್ಲಿ ಸಹಮಾನವರೊಡನೆ ಸಾಮರಸ್ಯದಿಂದ ಬಾಳುವ ಬಯಕೆ ಬರುವುದು ಜನಾಂಗದ ಘನತೆಯ ನಂತರ. ಮೊದಲು ಘನತೆ, ಆಮೇಲೆ ಸಾಮರಸ್ಯ. 1955ರ ಮೇ 18ರಂದು ಅವರು ತೀರಿಕೊಂಡರು. ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತು ಆಗ ಒಂದು ವರ್ಷವಾಗಿತ್ತು. ಅವರದೇ ರಾಜ್ಯದ ಫ್ಲಾರಿಡಾ ವಿಶ್ವವಿದ್ಯಾಲಯ ಮೊದಲ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು 1958ರವರೆಗೆ ಕಾಯಿಸಿತು.